ಎದುರುಬದುರು ಕಿಟಕಿ

ಸೊಸೆಗೆ ಇದ್ದದ್ದು ಒಂದೇ ಒಂದು ಚಟ, ಗೊಣಗುವುದು. ಅದೂ ದನಿಯಿಲ್ಲದೆ. ಗ್ರಂಥಾಲಯದಲ್ಲಿ ಕೆಲಸ ಮಾಡುವವಳು ಬೇರೆ ಹೇಗೆ ಗೊಣಗಿಯಾಳು? ಪುಟದ ಮೂಲೆ ಮಡಚುವವರನ್ನು, ಓದುತ್ತಲೇ ಗೊರಕೆ ಹೊಡೆಯುವವರನ್ನು ಅವಳು ತುಟಿಯಲ್ಲೇ ಬೈದು ತುಟಿಯಲ್ಲೇ ಮುಗಿಸುತ್ತಿದ್ದಳು. ಮನೆಗೆ ಬಂದರೆ ಅತ್ತೆ. ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ನಿಂತು ಅತ್ತೆಯ ಕಿವಿ ಮಂದವಾಗಿತ್ತು, ಬಾಯಿ ಮಾತ್ರ ಹರಿತವಾಗಿಯೇ ಉಳಿದಿತ್ತು. ಸೊಸೆ ಮುಖದೆದುರೇ ಗೊಣಗಿ ಹಗುರಾಗುತ್ತಿದ್ದಳು. ಅತ್ತೆ ನಗುತ್ತಿದ್ದರು. ಪಾಪ, ಕೇಳಿಸುವುದಿಲ್ಲ.

ಈಗ ಬಾಡಿಗೆ ಮನೆ ಬಿಟ್ಟು ಸ್ವಂತದ್ದು ಕೊಳ್ಳುವ ಕಾಲ ಬಂದಿತ್ತು. ಅತ್ತೆಗೆ ಜೋಡಿಮನೆಯ ಮೇಲೆ ಮನಸ್ಸು. ಒಂದೇ ಸೈಟಿನಲ್ಲಿ ಎರಡು ಮನೆ, ನಡುವೆ ಒಂದು ಗೋಡೆ, ಅತ್ತ ತಾನು, ಇತ್ತ ಮಗ ಸೊಸೆ. ಸೊಸೆಗೆ ಅಪಾರ್ಟ್‌ಮೆಂಟ್ ಬೇಕಿತ್ತು. ಅತ್ತೆಗೆ ಕೆಳಗಿನ ಮಹಡಿಯಲ್ಲಿ ಒಂದು ಸಣ್ಣ ಫ್ಲಾಟ್, ತಮಗೆ ತುತ್ತತುದಿಯಲ್ಲೊಂದು. ಬಾಗಿಲು ಹಾಕಿಕೊಂಡು, ಇಷ್ಟು ವರ್ಷ ನುಂಗಿದ್ದನ್ನೆಲ್ಲ ಒಮ್ಮೆಯಾದರೂ ಗಟ್ಟಿಯಾಗಿ ಗೊಣಗಬೇಕು. ಅವಳ ಕನಸಿನ ಮನೆ ಎಂದರೆ ಅಷ್ಟೇ.

"ನೀವೇ ಹೇಳ್ರೀ, ಯಾವುದು?" ಎಂದು ಗಂಡನನ್ನು ಕೇಳಿದಳು.

ಗಂಡ ಲಿಫ್ಟ್ ರಿಪೇರಿಯವನು. "ಅಪಾರ್ಟ್‌ಮೆಂಟಲ್ಲಿದ್ರೆ ಭಾನುವಾರವೂ ಜನ ಬಾಗಿಲು ಬಡೀತಾರೆ ಕಣೇ. ಹಾಗಂತ ಜೋಡಿಮನೆ ಚೆನ್ನಾಗಿದೆ ಅಂತ್ಲೂ ಅಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಗೋಡೆ ಇನ್ನೂ ಕೊಂಡಿರಲಿಲ್ಲ, ದೀಪ ಮಾತ್ರ ಸಿದ್ಧ.

ಅಪಾರ್ಟ್‌ಮೆಂಟ್ ನೋಡಿದ್ದಾಯಿತು. ಮರುವಾರ ಮೂವರೂ ಜೋಡಿಮನೆಗೆ ಹೋದರು. ಹೊಸ ಬಣ್ಣದ ವಾಸನೆ, ನಲ್ಲಿಗಳ ಮೇಲಿನ್ನೂ ಪ್ಲಾಸ್ಟಿಕ್ ಹೊದಿಕೆ. ಮನೆ ತೋರಿಸುವವನು ನಡುಗೋಡೆಯನ್ನು ಮದುವೆಗೆ ನಿಂತ ಮಗಳನ್ನು ಹೊಗಳುವಂತೆ ಹೊಗಳಿದ. "ಆ ಕಡೆ ಡೋಲು ಬಡಿದ್ರೂ ಈ ಕಡೆ ಕೇಳಿಸಲ್ಲ ಮೇಡಂ."

"ನೋಡೇಬಿಡೋಣ" ಎಂದು ಸೊಸೆ ಗಂಡನನ್ನು ಆಚೆ ಮನೆಗೆ ಕಳಿಸಿದಳು. "ಹಾಡಿ. ಗಟ್ಟಿಯಾಗಿ."

ಗಂಡನ ಹಾಡು ಎಂಥದ್ದೆಂದರೆ ನಿಂತ ಲಿಫ್ಟೂ ಹೆದರಿ ಮೇಲೇರಬೇಕು. ಸೊಸೆ ಗೋಡೆಗೆ ಕಿವಿ ಒತ್ತಿದಳು. ಏನೂ ಇಲ್ಲ. ಎಳ್ಳಷ್ಟೂ ಇಲ್ಲ. ಸೋಲು ಒಪ್ಪಿಕೊಳ್ಳುವ ಮುಖ ಮಾಡಿಕೊಂಡು ಅಡುಗೆಮನೆಗೆ ಹೋದಳು.

ಎರಡೂ ಅಡುಗೆಮನೆಗಳು ಹಿಂದಕ್ಕೆ ಚಾಚಿ, ನಡುವೆ ಬಟ್ಟೆ ಒಣಹಾಕುವಷ್ಟು ಜಾಗ ಬಿಟ್ಟು, ಕಿಟಕಿಗೆ ಕಿಟಕಿ ಕೊಟ್ಟು ನಿಂತಿದ್ದವು. ಆಚೆ ಕಿಟಕಿಯಲ್ಲಿ ಅತ್ತೆ ನಲ್ಲಿ ತಿರುಗಿಸಿ ನೋಡುತ್ತಿದ್ದರು. ಎರಡೂ ಗಾಜು ಮುಚ್ಚಿತ್ತು. ಸೊಸೆಯ ತುಟಿ ತಾನಾಗಿಯೇ ಶುರುವಾಯಿತು: 'ಈ ಮುದುಕಿ ಪಕ್ಕ ಇದ್ರೆ ಮುಗೀತು ನನ್ನ ಕಥೆ. ನನ್ನ ಚಮಚ ಎಲ್ಲಿ, ನನ್ನ ಚಮಚ ಎಲ್ಲಿ ಅಂತ ದಿನಕ್ಕೆ ಹತ್ತು ಸಲ ಬರ್ತಾಳೆ.'

ಅತ್ತೆ ನಲ್ಲಿ ನಿಲ್ಲಿಸಿದರು. ಹಿಂಬಾಗಿಲು ತೆರೆದು, ಅಂಗಳ ದಾಟಿ, ಈಚೆಗೆ ಬಂದರು.

"ಮುದುಕಿ ಅಂದಿದ್ದಕ್ಕೆ ಬೇಜಾರಿಲ್ಲಮ್ಮ. ಆದ್ರೆ ಹತ್ತು ಸಲ ಎಲ್ಲಿ ಕೇಳ್ತೀನಿ?"

ಸೊಸೆ ಕಿಟಕಿಯ ಚಿಲಕ ಮುಟ್ಟಿ ನೋಡಿದಳು, ಹಾಕಿಯೇ ಇತ್ತು. "ಅತ್ತೆ... ನಿಮಗೆ ಕೇಳಿಸ್ತಾ?"

"ಕೇಳಿಸೋದ್ಯಾಕೆ? ಮಗ್ಗದ ಗದ್ದಲದಲ್ಲಿ ಯಾರಿಗೆ ಏನು ಕೇಳಿಸ್ತಿತ್ತು? ತುಟಿ ನೋಡ್ಕೊಂಡೇ ಊರಿನ ಸುದ್ದಿಯೆಲ್ಲ ಮಾತಾಡ್ತಿದ್ವಿ ನಾವು. ಮೇಸ್ತ್ರಿಗೆ ಬೈತಿದ್ದದ್ದೂ ಹಾಗೇನೇ."

ಗೋಡೆಗೂ ಕಿವಿಯಿದೆ ಎಂದು ಹಿರಿಯರು ಹೇಳಿದ್ದರು. ಕಿಟಕಿಗೆ ಕಣ್ಣಿದೆ ಎಂದು ಯಾರೂ ಹೇಳಿರಲಿಲ್ಲ.

"ಅಂದ್ರೆ... ಮದುವೆಯಾದಾಗಿನಿಂದ...?"

"ಎಲ್ಲಾನೂ. ಹೊಸದರಲ್ಲಿ ನನ್ನ 'ಕನ್ನಡಕ ಹಾಕಿದ ಗೂಬೆ' ಅಂದೆ ನೋಡು, ಅವತ್ತು ಗಿರಣಿ ಗೆಳತಿಗೆ ಹೇಳಿ ಇಬ್ಬರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ವಿ. ಅವಳಂತೂ ಈಗ್ಲೂ ಕೇಳ್ತಾಳೆ, ನಿನ್ನ ಸೊಸೆ ಈ ವಾರ ಏನಂದ್ಲು ಅಂತ."

ಸೊಸೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೊಸ ಟೈಲ್ಸು, ಬಿಡಲಿಲ್ಲ.

"ಅದಕ್ಕೇ ಹೇಳ್ತೀನಿ ಕೇಳು" ಎಂದು ಅತ್ತೆ ದನಿ ಇಳಿಸಿದರು. "ನಿಂಗೆ ಅಪಾರ್ಟ್‌ಮೆಂಟೇ ಬೇಕಂದ್ರೆ ಅದೇ ಆಗ್ಲಿ, ಮಗನಿಗೆ ನಾನು ಹೇಳ್ತೀನಿ. ಬೇರೆಯವರೆಲ್ಲ ನನ್ನ ಹತ್ರ 'ಹೂಂ ಅಮ್ಮ, ಹೂಂ ಅಮ್ಮ' ಅಂತಾರೆ. ನಿಜ ಹೇಳೋಳು ನೀನೊಬ್ಬಳೇ. ಕೆಳಗಿನ ಮಹಡಿಯಿಂದ ನಿನ್ನ ಬಾಯಿ ಕಾಣಲ್ಲ, ಅಷ್ಟೇ."

ಸೊಸೆಗೆ ಒಂದು ಸಂಶಯ ಬಂತು. "ನೀವು ನಂಗೆ ಏನೂ ಬೈದಿಲ್ವಾ ಅತ್ತೆ?"

"ಬೈದಿಲ್ದೆ ಏನು!" ಅತ್ತೆಯ ಕಣ್ಣು ಮಿನುಗಿತು. ಸರಸರನೆ ಅಂಗಳ ದಾಟಿ ತಮ್ಮ ಕಿಟಕಿಯ ಹಿಂದೆ ನಿಂತು ತುಟಿ ಆಡಿಸತೊಡಗಿದರು. ಉದ್ದುದ್ದ, ಅಗಲಗಲ, ನಡುವೆ ಹುಬ್ಬು ಹಾರಿಸಿ, ಕೊನೆಗೆ ತಾವೇ ನಕ್ಕು. ಸೊಸೆಗೆ ಒಂದಕ್ಷರ ತಿಳಿಯಲಿಲ್ಲ. ಇದಾವ ನ್ಯಾಯ? ತನ್ನದೆಲ್ಲ ಬಯಲು, ಅವರದ್ದೆಲ್ಲ ಭದ್ರ!

"ಏನಂದ್ರಿ?" ಎಂದು ಕಿಟಕಿ ತೆರೆದು ಕೂಗಿದಳು.

"ಕಲ್ತ್ಕೋ!" ಎಂದರು ಅತ್ತೆ, ತಮ್ಮ ಗಾಜು ಸರಿಸಿ.

ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತ ಗಂಡ ಬಂದ. "ಅಷ್ಟು ಹಾಡಿದೆ. ಕೇಳಿಸ್ತಾ?"

"ಇಲ್ಲ. ಅದೊಂದೇ ಸಾಕು, ಇದೇ ಮನೆ ಇರ್ಲಿ" ಎಂದಳು ಸೊಸೆ. "ಆದ್ರೆ ಕಿಟಕಿಗೆ ಪರದೆ ಬೇಕು. ನಮ್ಮ ಕಡೆ."

ಅತ್ತೆಯ ಕಡೆ ಪರದೆ ಬೇಡವೇ ಎಂದು ಗಂಡ ಕೇಳಿದ. ಇಬ್ಬರೂ ಒಟ್ಟಿಗೆ ಬೇಡ ಎಂದರು. ಇವರು ಯಾವಾಗ ಒಂದಾದರು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಸಾಮಾನು ಸಾಗಿಸಿದ ಮರುದಿನ ಬೆಳಿಗ್ಗೆ ಸೊಸೆ ಪರದೆಯನ್ನು ಗೇಣಗಲ ಸರಿಸಿದಳು. ಎದುರು ಕಿಟಕಿಯಲ್ಲಿ ಅತ್ತೆ ಆಗಲೇ ಹಾಜರು. ತುಟಿ ಆಡಿತು. ಸೊಸೆ ಕಣ್ಣು ಕಿರಿದು ಮಾಡಿ ನೋಡಿದಳು. ಅತ್ತೆ ಮತ್ತೊಮ್ಮೆ ಅದನ್ನೇ ಹೇಳಿದರು, ಸಹನೆಯಿಂದ, ಮಗುವಿಗೆ ಪಾಠ ಹೇಳಿಕೊಡುವಂತೆ.

ಒಂದು ಪದ ಸಿಕ್ಕಿತು. ಚಮಚ.