ಕ್ರಾಸ್ ದುರಗಮ್ಮನ ಮುಂದೆ ಉಸಿರು ಹಿಡಿದ ಕಾರು

ಕ್ರಾಸಿನ ಭಯ ನನ್ನನ್ನು ಹಿಡಿದದ್ದು ಒಂದು ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ. ಗಂಟೆ ಯಾಕೆ ನೆನಪಿದೆಯೆಂದರೆ, ಹಿಂದಿನ ಸೀಟಿನಲ್ಲಿದ್ದ ಮಗಳು ಸಹನಾ ಆಗಷ್ಟೇ, "ಮಮ್ಮಿ, ಪ್ರೇಯರ್ ಬೆಲ್ ಹೊಡಿತಾರ, ಲಗೂ ಹೋಗು" ಅಂದಿದ್ದಳು.

ನಮ್ಮೂರು ಬೇವೂರಿನ ಕಡೆಗೆ. ನಾನು ಕುಷ್ಟಗಿಯ ಒಂದು ದವಾಖಾನೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಎರಡನೇ ತರಗತಿಯ ಸಹನಾಳ ಸಾಲಿಯೂ ಕುಷ್ಟಗಿಯಲ್ಲೇ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಹೈವೇ ದಾಟಲೇಬೇಕು. ನಾಲ್ಕು ವರ್ಷ ಸ್ಕೂಟಿಯಲ್ಲೇ ದಾಟಿದೆ. ಧೂಳಿಗೆ ಮಗಳ ಉಬ್ಬಸ ಹೆಚ್ಚಾದಾಗ, ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಮ್ಯಾನೇಜರ್ ಆಗಿರುವ ನನ್ನ ಗಂಡ ಗವಿಸಿದ್ದೇಶ, ಗಿರಣಿ ಸಾಹುಕಾರರ ಹಳೇ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು.

"ಕ್ಲಚ್ ಇಲ್ಲ, ಗೇರ್ ಹಾಕೂದಿಲ್ಲ. ಎಡಗಾಲಿಗೆ ಕೆಲಸ ಇಲ್ಲ, ಸೂಟಿ. ಎಕ್ಸಲರೇಟರ್ ಒತ್ತೂದು, ಹೋಗೂದು, ಅಷ್ಟ."

ಅವರು ಬರುವುದು ವಾರಕ್ಕೊಮ್ಮೆ. ದಿನಾ ಒತ್ತುವವಳು ನಾನು.

ನಮ್ಮ ರಸ್ತೆ ಹೈವೇಗೆ ಕೂಡುವ ಬಾಯಲ್ಲೇ ಕುಂಕುಮ ಬಳಿದ ಒಂದು ಕಲ್ಲಿದೆ. ಎಲ್ಲರೂ ಕ್ರಾಸ್ ದುರಗಮ್ಮ ಅನ್ನುತ್ತಾರೆ. ಬೈಕಿನವರು ಒಂದು ಕೈ ಎತ್ತಿ ಎದೆಗೆ ಮುಟ್ಟಿಸಿಕೊಂಡು ಓಡುತ್ತಲೇ ಹೋಗುತ್ತಾರೆ. ನಮ್ಮ ಮನೆಯ ಪದ್ಧತಿ ಹಾಗಲ್ಲ. ಮಾವ ಮಾರೆಪ್ಪ ಬಂಡಿ ಹೊಡೆಯುತ್ತಿದ್ದ ಕಾಲದಿಂದ ಬಂದದ್ದನ್ನು ಅತ್ತೆ ಮುದಕಮ್ಮ ಇವತ್ತಿಗೂ ಸಡಿಲ ಬಿಟ್ಟಿಲ್ಲ. ಗಾಡಿ ಪೂರಾ ನಿಲ್ಲಬೇಕು, ಎರಡೂ ಕೈ ಕೂಡಬೇಕು, ಆಮೇಲೇ ಹೈವೇಗೆ ಇಳಿಯಬೇಕು.

ಕಾರಿನಲ್ಲಿ ಕ್ರಾಸ್ ದಾಟುವ ಮೊದಲ ದಿನ ಆ ಸೋಮವಾರ. ಅವತ್ತೂ ನಿಲ್ಲಿಸಿದೆ, ಕೈ ಮುಗಿದೆ. ಬಲಕ್ಕೆ ನೋಡಿದರೆ ಲಾರಿಯೊಂದು ದೂರದಲ್ಲಿತ್ತು, ದಾಟಲು ಬೇಕಾದಷ್ಟು ಜಾಗ. ಒತ್ತಿದೆ. ಕಾರು ಅಲುಗಲಿಲ್ಲ. ಇನ್ನೂ ಒತ್ತಿದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ ಒಮ್ಮೆಲೇ ಹಾರಿತು. ಅಷ್ಟರಲ್ಲಿ ಲಾರಿ ದೂರದಲ್ಲಿರಲಿಲ್ಲ. ಅದರ ಹಾರ್ನು ನನ್ನ ಕಿವಿಯೊಳಗೇ ಹೊಡೆದಂತಾಯಿತು. ಡಿವೈಡರಿನ ಸಂದಿಗೆ ಹೋಗಿ ನಿಂತಾಗ ಸಹನಾ ಕೇಳಿದಳು, "ಮಮ್ಮಿ, ನೀ ಯಾಕ ಅಳಾಕತ್ತಿ?" ಅಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಮರುದಿನದಿಂದ ಕ್ರಾಸ್ ಎರಡು ಕಿಲೋಮೀಟರ್ ಇರುವಾಗಲೇ ಅಂಗೈ ಬೆವರತೊಡಗಿತು. ಕಾರು ದಿನಾ ತಡವರಿಸಿತು, ಅದೂ ಅದೊಂದೇ ಜಾಗದಲ್ಲಿ. ಊರೊಳಗೆ ಹೀಗಿಲ್ಲ, ಕುಷ್ಟಗಿ ಬಜಾರಿನಲ್ಲೂ ಇಲ್ಲ. ಗಂಡನಿಗೆ ಫೋನ್ ಮಾಡಿದರೆ, "ನೀ ಅಂಜಿ ಅರ್ಧಾ ಒತ್ತತಿ. ಗಟ್ಟಿ ಒತ್ತು" ಅಂದರು. ಅತ್ತೆಯ ಲೆಕ್ಕ ಬೇರೆಯೇ ಇತ್ತು. ಒಮ್ಮೆ ಕಾರಿನಲ್ಲಿ ಕೂತು ಬಂದವರು ದುರಗಮ್ಮನ ಮುಂದೆ ಎಂಜಿನ್ನು ತಾನೇ ಸುಮ್ಮನಾದದ್ದು ಕಂಡು ಕಣ್ಣೀರು ತಂದುಕೊಂಡಿದ್ದರು. ಸಂಜೆಯೊಳಗೆ ಓಣಿಯೆಲ್ಲ ಸುದ್ದಿ.

"ಕಾರಿಗೂ ತಿಳಿತೈತಿ ನೋಡ್ರಬೇ! ಆಕಿ ಮುಂದ ಉಸಿರು ಹಿಡಿತೈತಿ!"

ಪಕ್ಕದ ಮನೆಯ ಕಸ್ತೂರೆಮ್ಮ ಬಿಡುವವಳಲ್ಲ. "ನಿನ್ನ ಸೊಸಿಗಿಂತ ಕಾರ ಛಲೋ ಬಿಡವ್ವಾ. ಆಕಿ ನಿನ್ನ ಮುಂದ ಉಸಿರು ಹಿಡಿದಿದ್ದು ನಾ ಒಂದಿನಾನೂ ನೋಡಿಲ್ಲ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ದೇವಿಯೇ ಹಿಡಿಯುತ್ತಿದ್ದರೆ, ಲಾರಿ ಬರುವಾಗಲೇ ಯಾಕೆ ಹಿಡಿಯಬೇಕು?

ಶನಿವಾರ ಮೆಕ್ಯಾನಿಕ್ ವಾಹೀದನ ಹತ್ತಿರ ಹೋದೆ. ಅವನು ನಾನು ಹೇಳಿದ್ದನ್ನು ಕೇಳಿ, ಪಕ್ಕದಲ್ಲಿ ಕೂತು, ಒಂದು ಸುತ್ತು ಓಡಿಸಲು ಹೇಳಿದ. ಆಮೇಲೆ ಗಕ್ಕನೆ, "ನಿಲ್ಸ್ರಿ. ಬ್ರೇಕ್ ಮ್ಯಾಲಿನ ಕಾಲ ತೆಗಿಬ್ಯಾಡ್ರಿ" ಅಂದ. ಎಂಜಿನ್ನು ಸುಮ್ಮನಾಯಿತು.

"ಪೆಟ್ರೋಲ್ ಉಳಿಲಿ ಅಂತ ಇದು ತಾನ ಬಂದ್ ಆಗ್ತೈತ್ರಿ ಅಕ್ಕಾರ. ಬ್ರೇಕ್ ಬಿಟ್ಟಿರಿ ಅಂದ್ರ ತಾನ ಚಾಲೂ. ಆದ್ರ ಮೊದಲ ಎಂಜಿನ್ ಏಳಬೇಕು, ಆಮ್ಯಾಲೆ ಗೇರ್ ಹಿಡಿಬೇಕು, ಆಮ್ಯಾಲೆ ಗಾಲಿ. ನೀವು ಒಮ್ಮೆಲೆ ಒತ್ತಿದ್ರ ನಿದ್ದಿಗಣ್ಣಾಗಿದ್ದಾಂವಗ ಓಡು ಅಂದಂಗ."

"ಊರಾಗ ಯಾಕ ಹಿಂಗ ಆಗಂಗಿಲ್ಲ?"

"ಊರಾಗ ನಾವು ಯಾವಾಗ ಪೂರಾ ನಿಲ್ಲತೀವ್ರಿ? ಎಮ್ಮಿ ಅಡ್ಡ ಬಂದ್ರೂ ಸಂದ್ಯಾಗ ತೂರಸ್ತೀವಿ. ಕುಷ್ಟಗಿಗೆ ಇರೋ ಒಂದ ಸಿಗ್ನಲ್ ಅಂದ್ರ ದುರಗಮ್ಮ, ಅದೂ ನಿಮ್ಮ ಮನಿಯವ್ರಿಗಷ್ಟ."

ಗೇರಿನ ಹತ್ತಿರ ಒಂದು ಗುಂಡಿ ತೋರಿಸಿದ. ಗುಂಡಗೆ ಸುತ್ತಿದ ಬಾಣದ ನಡುವೆ ಇಂಗ್ಲಿಷಿನ ಒಂದು ಅಕ್ಷರ. ಒತ್ತಿದರೆ ಕಿತ್ತಳೆ ದೀಪ ಹತ್ತುತ್ತದೆ, ಎಂಜಿನ್ನು ತಾನಾಗಿ ನಿಲ್ಲುವುದಿಲ್ಲ. "ಒಂದ ಮಾತು ನೆನಪಿಡ್ರಿ. ಪ್ರತಿ ಸಲ ಕಾರ್ ಚಾಲೂ ಮಾಡಿದಾಗ ಹೊಸದಾಗಿ ಒತ್ತಬೇಕು. ಇದಕ್ಕ ನೆನಪಿರಂಗಿಲ್ಲ. ಅದನ್ನ ಮರತು ಕಾರ್ ಏಳೂದು ತಡಾ ಆತೋ, ಎಕ್ಸಲರೇಟರ್ ಒತ್ತಬ್ಯಾಡ್ರಿ. ಬ್ರೇಕ್ ಹಾಕ್ರಿ."

ಹತ್ತು ದಿನ ಚೆನ್ನಾಗಿ ಕಳೆದವು. ಮನೆಯಲ್ಲೇ ಗುಂಡಿ ಒತ್ತುವುದು, ದೀಪ ನೋಡುವುದು, ಹೊರಡುವುದು. ಅತ್ತೆಗೆ ಹೇಳಲಿಲ್ಲ. ಅವರ ಪವಾಡವನ್ನು ಒಂದು ಗುಂಡಿಯಿಂದ ಯಾಕೆ ಕಿತ್ತುಕೊಳ್ಳಲಿ ಅಂದುಕೊಂಡೆ.

ಹನ್ನೊಂದನೆಯ ದಿನ ಅತ್ತೆ ಕಣ್ಣು ತೋರಿಸಲು ನಮ್ಮ ಜೊತೆ ಹೊರಟರು. ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಸಹನಾ, "ನನ್ನ ಪಂಪ್ ಮನ್ಯಾಗ ಐತಿ!" ಅಂದಳು. ಉಬ್ಬಸಕ್ಕೆ ಎಳೆದುಕೊಳ್ಳುವ ಔಷಧ, ಅದಿಲ್ಲದೆ ಅವಳನ್ನು ಸಾಲಿಗೆ ಬಿಡುವಂತಿಲ್ಲ. ತಿರುಗಿ ಬಂದೆ, ಕಾರು ಬಂದ್ ಮಾಡಿದೆ, ಒಳಗೆ ಓಡಿ ತಂದೆ, ಚಾಲೂ ಮಾಡಿ ಹೊರಟೆ.

ದುರಗಮ್ಮನ ಮುಂದೆ ಪೂರಾ ನಿಲ್ಲಿಸಿದೆ. ಪಕ್ಕದಲ್ಲಿದ್ದ ಅತ್ತೆ ಗಾಜು ಇಳಿಸಿ ಕಲ್ಲಿನ ಮೇಲೆ ಹೂ ಎಸೆದರು. ಹೈವೇಯ ಗದ್ದಲವೆಲ್ಲ ಒಳಗೆ ನುಗ್ಗಿತು. ಬಲದಿಂದ ಬರುತ್ತಿದ್ದ ಬಸ್ಸೊಂದು ಜನರನ್ನು ಇಳಿಸಲು ರಸ್ತೆಯ ಅಂಚಿಗೆ ಸರಿದು ನಿಂತಿತು. ಹಿಂದೆ ಟ್ರ್ಯಾಕ್ಟರ್ ಮೇಲಿದ್ದ ನಮ್ಮೂರ ಗೋಣೆಪ್ಪ ಕೂಗಿದ, "ಹೋಗ್ರಿ ಅಕ್ಕಾರ, ಖಾಲಿ ಐತಿ!"

ಬ್ರೇಕಿನಿಂದ ಕಾಲು ತೆಗೆದು ಒತ್ತಿದೆ.

ಅಲ್ಲಿ ರಸ್ತೆ ತುಸು ಇಳಿಜಾರು. ಕಾರು ಸದ್ದಿಲ್ಲದೆ ಮುಂದಕ್ಕೆ ಜಾರಿತು. ಆಗ ಅತ್ತೆ ಸಂತೋಷದಿಂದ ಅಂದರು, "ನೋಡು ರೇಣುಕಾ, ಇವತ್ತೂ ಉಸಿರು ಹಿಡಿದೈತಿ!"

ಕಣ್ಣು ಗುಂಡಿಯ ಕಡೆ ಹೋಯಿತು. ದೀಪ ಇರಲಿಲ್ಲ.

ತಲೆ ಎತ್ತಿದರೆ ನಿಂತ ಬಸ್ಸಿನ ಹಿಂದಿನಿಂದ ಲಾರಿಯೊಂದು ಪಕ್ಕಕ್ಕೆ ಹೊರಳಿ ಬರುತ್ತಿತ್ತು. ನಮ್ಮ ಕಾರಿನ ಮೂತಿ ಆಗಲೇ ಡಾಂಬರಿನ ಮೇಲಿತ್ತು. ಕಾಲ ಕೆಳಗೆ ಎಂಜಿನ್ನು ನಡುಗಿ ಎದ್ದದ್ದು ತಿಳಿಯಿತು. ಇನ್ನು ಅರೆಗಳಿಗೆಗೆ ಇದು ಹಾರುತ್ತದೆ. ಹಾರಿದರೆ ಲಾರಿಯ ಎದುರಿಗೇ. ಮೈಯೆಲ್ಲ, ಒತ್ತು, ಒತ್ತಿ ದಾಟಿಬಿಡು ಅನ್ನುತ್ತಿತ್ತು. ಸ್ಕೂಟಿಯ ನಾಲ್ಕು ವರ್ಷ ಕಲಿತದ್ದೇ ಅದು. ನಾನು ಎರಡೂ ಕಾಲನ್ನು ಬ್ರೇಕಿನ ಮೇಲೆ ಇಟ್ಟು ಎದ್ದು ನಿಂತಂತೆ ತುಳಿದೆ.

ಕಣ್ಣು ಮುಚ್ಚಿದ್ದೆನೋ ಏನೋ. ಗಾಳಿ ಬಡಿದು ಕಾರು ಅಲುಗಿತು. ಕರ್ ಅಂತ ಒಂದು ಸದ್ದು. ಮುಂದಿನ ಬಂಪರಿನ ಬಲಮೂಲೆ ಕಿತ್ತುಕೊಂಡು ಲಾರಿ ಹೋಯಿತು. ನಿಲ್ಲಲಿಲ್ಲ.

ಹಿಂದೆ ಸಹನಾ ಕೆಮ್ಮತೊಡಗಿದಳು, ಆ ಸೀಟಿ ಊದಿದಂಥ ಕೆಮ್ಮು. ಗೋಣೆಪ್ಪ ಟ್ರ್ಯಾಕ್ಟರ್ ಇಳಿದು ಓಡಿ ಬಂದು ಹಿಂದಿನ ವಾಹನಗಳನ್ನು ಸರಿಸಿದ. ಕಾರನ್ನು ಹಿಂದಕ್ಕೆ ತಂದು, ಪಂಪ್ ಅವಳ ಬಾಯಿಗೆ ಹಿಡಿದರೆ ಅದು ಅವಳ ಹಲ್ಲಿಗೆ ಬಡಿಯಿತು. "ಕೊಡು, ನಾನ ಹಿಡಿತೀನಿ" ಅಂದು ಕೂಸು ತಾನೇ ಎಳೆದುಕೊಂಡಿತು.

ಅತ್ತೆಗೆ ಆಗ ಎಲ್ಲ ಹೇಳಿದೆ. ಗುಂಡಿ, ಎಂಜಿನ್ನು, ನಿಲ್ಲಿಸುವುದರಿಂದಲೇ ಆಗುವ ತಡ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಇಳಿದು, ತೊಡೆ ಹಿಡಿದುಕೊಂಡು ಕಲ್ಲಿನ ತನಕ ನಡೆದರು.

"ನಿನ್ನ ಕಾಲಿಗೆ ಬೀಳಾಕ ನಿಂತ್ರ ನನ್ನ ಮೊಮ್ಮಗಳ್ನ ಕೇಳ್ತಿಯೇನವ್ವಾ? ಬಂಡಿ ಕಾಲ ಹೋತು. ಇನ್ನ ಮ್ಯಾಲೆ ದೂರದಿಂದನ ಕೈ ಮುಗಿತೀವಿ. ಸಿಟ್ಟು ಬಂದ್ರ ನನ್ನ ಮ್ಯಾಲೆ ಇರ್ಲಿ, ಹುಡುಗೂರ ಮ್ಯಾಲೆ ಬ್ಯಾಡ." ಬಂದು ಕೂತು ನನ್ನನ್ನು ನೋಡದೆಯೇ ಅಂದರು, "ನೀ ಮೊದಲ ಯಾಕ ಹೇಳಲಿಲ್ಲ?"

ಅವರ ಸಂತೋಷ ಉಳಿಸಹೋಗಿ ಮಗಳನ್ನೇ ಕಳೆದುಕೊಳ್ಳುತ್ತಿದ್ದೆ.

ಮರುದಿನ ಕ್ರಾಸಿಗಿಂತ ಇಪ್ಪತ್ತು ಹೆಜ್ಜೆ ಹಿಂದೆ, ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಅಲ್ಲೇ ಕೈ ಮುಗಿದೆ. ಗುಂಡಿಯ ದೀಪ ನೋಡಿದೆ. ಆಮೇಲೆ ಹೈವೇಯ ಬಾಯಿಗೆ ಬಂದೆ. ಜಾಗ ಸಿಕ್ಕಿತು, ಹೋಗಲಿಲ್ಲ. ಇನ್ನೊಂದು ಸಿಕ್ಕಿತು, ಆಗಲೂ ಹೋಗಲಿಲ್ಲ. ಹಿಂದೆ ಹಾರ್ನುಗಳು. ಯಾರೋ ಬೈಕಿನವನು ಕೂಗಿದ, "ಏ ಅಕ್ಕಾ, ಇಲ್ಲೇ ಮನಿ ಕಟ್ಟಸ್ತಿಯೇನ?"

ಹಿಂದಿನ ಸೀಟಿನಿಂದ ಸಹನಾ ಬಾಗಿ ಕಿವಿ ಕೊಟ್ಟಳು.

"ಎದ್ದೈತಿ ಮಮ್ಮಿ. ಗುರ್ ಅನ್ನಾಕತ್ತೈತಿ."

"ಖರೇನ?"

"ಖರೇ. ನಾ ಕೇಳಾಕತ್ತೀನಿ."

ಮೂರನೆಯ ಜಾಗ ಬಂದಾಗ ನಿಧಾನ ಒತ್ತಿದೆ. ಕಾರು ತಡವರಿಸದೆ ಹೊರಟಿತು. ಆಚೆ ದಡ ಮುಟ್ಟಿ ಚಹಾದಂಗಡಿಯ ಪಕ್ಕಕ್ಕೆ ನಿಲ್ಲಿಸಿದೆ. ಸಹನಾ ತಡವಾಯಿತೆಂದು ಅನ್ನಲಿಲ್ಲ. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತಿತ್ತು. ಸಂಜೆ ಐದೂವರೆಗೆ ಮತ್ತೆ ಅದನ್ನೇ ದಾಟಬೇಕು.