ವಯಸ್ಸು ತಪ್ಪು ಹೇಳಿದ ಮುಂಗೈ ಮೂಳೆ

ನಾನು ಶಿವಮಲ್ಲಿಯ ಎಡ ಮುಂಗೈಯಲ್ಲಿ, ಹೆಬ್ಬೆರಳಿನ ಕಡೆಗಿರುವ ಉದ್ದ ಮೂಳೆ. ಮೊದಮೊದಲು ಮೂಳೆಯೇ ಆಗಿರಲಿಲ್ಲ. ಅವಳ ತಾಯಿ ಕೆಂಪಾಜಮ್ಮನ ಹೊಟ್ಟೆಯಲ್ಲಿ, ಕಿವಿಯಂತೆ ಮಡಚಿದರೆ ಮಡಚುವ ಬರೀ ಮೃದ್ವಸ್ಥಿಯಾಗಿದ್ದೆ. ಮೊದಲು ನಡು ಗಟ್ಟಿಯಾಯಿತು, ಎಷ್ಟೋ ದಿನಗಳ ಮೇಲೆ ತುದಿಗಳು. ತುದಿಗೂ ನಡುವಿಗೂ ಮಧ್ಯೆ ಮೆತ್ತಗಿನ ತೆಳು ಪಟ್ಟಿಯೊಂದು ಉಳಿಯಿತು. ನಾನು ಉದ್ದವಾಗುವುದೆಲ್ಲ ಅಲ್ಲಿಂದಲೇ. ಅದೂ ಗಟ್ಟಿಯಾಯಿತೋ, ಮುಗಿಯಿತು. ಆಮೇಲೆ ಕೂದಲೆಳೆಯಷ್ಟೂ ಬೆಳೆಯಲಾರೆ.

ನನಗೋ ಮೊದಲಿನಿಂದಲೂ ಅವಸರ. ಉಳಿದ ಮೂಳೆಗಳನ್ನೂ ಹುರಿದುಂಬಿಸಿ ಓಡಿದೆ. ಶಿವಮಲ್ಲಿ ಓರಗೆಯವರಿಗಿಂತ ಗೇಣುದ್ದ ಎತ್ತರವಾದಳು. ಖೋ ಖೋ ಆಟದಲ್ಲಿ ಎಡಗೈಯಿಂದ ಕಂಬ ಹಿಡಿದು, ಮೈಭಾರವನ್ನೆಲ್ಲ ನನ್ನ ಮೇಲೆ ಹಾಕಿ ಗಿರ್ರನೆ ತಿರುಗುತ್ತಿದ್ದಳು. ಅಬ್ಬಬ್ಬಾ, ಆಗ ನನ್ನ ಜಂಬವೇ!

ಹದಿನೈದಾದಾಗ, ಹದಿನಾರರ ಒಳಗಿನವರ ರಾಜ್ಯ ತಂಡಕ್ಕೆ ಅವಳು ಆಯ್ಕೆಯಾದಳು. ಇಷ್ಟೆತ್ತರದವಳಿಗೆ ಹದಿನೈದೇ ಎಂದು ಯಾರೋ ತಕರಾರು ತೆಗೆದರು. ನನ್ನ ಎಕ್ಸ್‌ರೇ ತೆಗೆಸಿದರು. ಬೆಳೆಯುವ ಪಟ್ಟಿ ಇನ್ನೂ ಇದ್ದರೆ ಅಲ್ಲಿ ಕಪ್ಪು ಗೆರೆ ಕಾಣಬೇಕು. ನನ್ನಲ್ಲಿ ಗೆರೆಯೇ ಇಲ್ಲ! ಹದಿನೇಳರ ಹೊತ್ತಿಗೆ ಮುಚ್ಚಬೇಕಿದ್ದ ನಾನು, ಓಡಿ ಓಡಿ, ಎರಡು ವರ್ಷ ಮೊದಲೇ ಮುಚ್ಚಿಕೊಂಡು ಕೂತಿದ್ದೆ.

“ಹದಿನೇಳು ದಾಟಿದೆ. ಸುಳ್ಳು ಹೇಳಿದ್ದೀರಿ,” ಎಂದರು ತಂಡದ ಅಧಿಕಾರಿ.

“ಹೆತ್ತೋಳು ನಾನಲ್ವಾ ಬುದ್ದಿ?” ಕೆಂಪಾಜಮ್ಮ ಕೈ ಮುಗಿದಳು. “ನನ್ ಮಾತ್ಗಿಂತ ಆ ಮೂಳೆ ಮಾತೇ ದೊಡ್ದಾ?”

ನನ್ನ ಮಾತೇ ದೊಡ್ಡದಾಯಿತು. ತಂಡದಿಂದ ಹೆಸರು ತೆಗೆದರು. ಊರಿಗೆ ಬರುವ ಬಸ್ಸಿನಲ್ಲಿ ಶಿವಮಲ್ಲಿ ನನ್ನನ್ನು ದಾವಣಿಯೊಳಗೆ ಮುಚ್ಚಿಟ್ಟುಕೊಂಡು ಅತ್ತಳು. ವಯಸ್ಸು ಕದ್ದವಳು ಎಂದು ಜನ ಆಡಿಕೊಂಡರು. ಅವಳದು ಏನೂ ತಪ್ಪಿಲ್ಲ ಎಂದು ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ. ನಾಚಿಕೆಯಿಂದ ಪುಡಿಪುಡಿಯಾಗಿ ಹೋಗಬಾರದೇ ಎನ್ನಿಸಿತು.

ಮತ್ತೆಂದೂ ಅವಳು ರಾಜ್ಯ ತಂಡದಲ್ಲಿ ಆಡಲಿಲ್ಲ. ಓದಿ, ಶಾಲೆಯಲ್ಲಿ ಆಟದ ಟೀಚರ್ ಆದಳು. ಕಳೆದ ತಿಂಗಳು ಹುಡುಗಿಯರಿಗೆ ಕಂಬ ಸುತ್ತುವುದನ್ನು ತೋರಿಸಲು ಹೋಗಿ ಜಾರಿದಳು. ಎಡಗೈ ಊರಿದಳು. ನಾನು ಲಟಕ್ಕನೆ ಮುರಿದೆ. ನನ್ನ ಹಣೆಬರಹಕ್ಕೆ ಮತ್ತೆ ಎಕ್ಸ್‌ರೇ.

“ವಯಸ್ಸೆಷ್ಟಮ್ಮ?” ಡಾಕ್ಟರು ಕೇಳಿದರು.

“ಐವತ್ತೆರಡು.”

“ಮೂಳೆ ನೋಡಿದ್ರೆ ಎಪ್ಪತ್ತರ ಹಾಗಿದೆ. ತುಂಬಾ ಸವೆದಿದೆ.”

ಅಯ್ಯೋ, ಮತ್ತೆ ಅದೇ! ನಾನು ಮುದುಡಿಹೋದೆ. ಶಿವಮಲ್ಲಿ ಮಾತ್ರ ನಕ್ಕುಬಿಟ್ಟಳು.

“ಅದು ಚಿಕ್ಕಂದಿನಿಂದ್ಲೂ ಹಂಗೇಯಾ ಡಾಕ್ಟ್ರೇ. ನನಗಿಂತ ಮುಂದ್ಮುಂದೆ ಓಡ್ತದೆ.”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈಗ ಡಾಕ್ಟರು ಹಾಕಿದ ಪ್ಲಾಸ್ಟರಿನೊಳಗೆ, ಕತ್ತಲಲ್ಲಿ ಮಲಗಿದ್ದೇನೆ. ಮುರಿದಲ್ಲಿ ಮತ್ತೆ ಮೃದ್ವಸ್ಥಿ ಮೂಡುತ್ತಿದೆ, ಕೆಂಪಾಜಮ್ಮನ ಹೊಟ್ಟೆಯಲ್ಲಿದ್ದಂಥದ್ದೇ. ಅದು ಗಟ್ಟಿಯಾಗಬೇಕು. ಶಾಲೆಯ ಹುಡುಗಿಯರ ಪಂದ್ಯ ಹತ್ತಿರ ಬಂದಿದೆ. ದಿನವೂ ಶಿವಮಲ್ಲಿ ಪ್ಲಾಸ್ಟರಿನ ಮೇಲೆ ಕೈಯಾಡಿಸಿ ಹೇಳುತ್ತಾಳೆ, “ಬೇಗ ಕೂಡ್ಕೊಳೋ ನನ್ನಪ್ಪಾ. ಹುಡ್ಗೀರು ಕಾಯ್ತಾವ್ರೆ.”

ಬೇಗ ಎಂದು ಅವಳು ನನ್ನನ್ನು ಕೇಳುತ್ತಿರುವುದು ಇದೇ ಮೊದಲು. ಯಾರೂ ಕೇಳದಿದ್ದಾಗ ಹಾಗೆ ಓಡಿದ ನನಗೆ, ಈಗ ಆಗುತ್ತಿಲ್ಲ.