ಕೋಲು ಕೆಳಗಿಟ್ಟ ಹೊತ್ತು

ವಾರಕ್ಕೆ ಆರು ದಿನ ಬೆಳಕು ಹರಿಯುವ ಮೊದಲೇ ಹಾಲಿನ ಟ್ಯಾಂಕರ್ ಹತ್ತುವ ಚಾಲಕನಿಗೆ ಭಾನುವಾರ ಒಂದೇ ತನ್ನದು. ಚಳಿಗಾಲ ಬಂತೆಂದರೆ ಆ ಭಾನುವಾರದಲ್ಲೂ ನಡುಮಧ್ಯಾಹ್ನ ಮಾತ್ರ ತನ್ನದು. ಬಿಸಿಲು ತಾಗಿ ಎಳ್ಳುಕಾಳಿನಂಥ ನೊಣಗಳು ನೀರಿನಿಂದ ಏಳುವ ಆ ಸ್ವಲ್ಪ ಹೊತ್ತಿನಲ್ಲೇ ಮೀನು ತಳ ಬಿಟ್ಟು ಮೇಲೆ ಬರುವುದು. ಮಿಕ್ಕ ಹೊತ್ತೆಲ್ಲ ಕಲ್ಲಿನ ಜೊತೆ ಕಲ್ಲಾಗಿ ಬಿದ್ದಿರುತ್ತದೆ.

ಸೇತುವೆಯ ಕೆಳಗಿನ ಮಡುವಿನಲ್ಲಿ ಮೊಳದುದ್ದದ ಒಂದು ಟ್ರೌಟ್ ಮೀನು ಇತ್ತು. ಚಳಿ ಶುರುವಾದಾಗಿನಿಂದ ಅವನು ಅದರ ಬೆನ್ನು ಬಿದ್ದಿದ್ದ. ಗಾಳದ ಮುಳ್ಳಿಗೆ ಹುಂಜದ ಕತ್ತಿನ ಗರಿ, ಬೂದು ನೂಲು ಸುತ್ತಿ ಅದಕ್ಕೆಂದೇ ಹುಸಿ ನೊಣಗಳನ್ನು ಮಾಡಿಟ್ಟಿದ್ದ. ನಾಳೆಯಿಂದ ಮೀನು ಮೊಟ್ಟೆಯಿಡುವ ಕಾಲವೆಂದು ಹೊಳೆಯಲ್ಲಿ ಗಾಳ ಹಾಕುವಂತಿಲ್ಲ. ಇವತ್ತು ಬಿಟ್ಟರೆ ಬಿಟ್ಟ ಹಾಗೆ.

"ಅಣ್ಣನ್ನೂ ಕರ್ಕೊಂಡು ಹೋಗಿ," ಎಂದಳು ಹೆಂಡತಿ, ಪಾತ್ರೆ ಉಜ್ಜುತ್ತಲೇ.

"ಅವ್ರಿಗೆ ಮೀನು ಹಿಡಿಯೋದು ಬರುತ್ತೇನೇ?"

"ನಿಮಗೆ ಬರುತ್ತಾ? ಈ ಚಳಿಗಾಲದಲ್ಲಿ ಒಂದಾದ್ರೂ ಮನೆಗೆ ತಂದಿದ್ದೀರಾ?"

ಅವಳ ಅಣ್ಣ ಟೈಲರ್. ಕಣ್ಣಿಗೆ ಪೊರೆ ಬಂದು, ಆಪರೇಷನ್ನಿನ ದಿನ ಬರುವ ತನಕ ತಂಗಿಯ ಮನೆಯಲ್ಲಿದ್ದರು. ಇಡೀ ದಿನ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಅವಳ ಕಾಲಿಗೆ ತೊಡರುತ್ತಿದ್ದರು. ಒಂದು ಮಧ್ಯಾಹ್ನವಾದರೂ ಆ ಕುರ್ಚಿ ಖಾಲಿಯಾಗಲಿ ಎಂಬುದು ಅವಳ ಆಸೆ.

ಹೊರಡುವಷ್ಟರಲ್ಲಿ ಹೀಟರಿನ ಫ್ಯೂಸ್ ಹಾಕಿದ್ದಾಯಿತು, ಪಕ್ಕದ ಮನೆಯವರ ಏಣಿ ಕೊಟ್ಟು ಬಂದದ್ದಾಯಿತು. ಭಾವನಿಗೆ ಎರಡನೆಯ ಸ್ವೆಟರ್ ಸಿಗಲಿಲ್ಲ. ಸಿಕ್ಕ ಮೇಲೆ ಅದರ ಒಂದು ತೋಳು ಒಳಹೊರಗಾಗಿತ್ತು. ಚಾಲಕ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದ, ಬಿಸಿಲು ನೋಡಿದ, ಹಲ್ಲು ಕಚ್ಚಿಕೊಂಡ.

ಹೊಳೆಯ ದಂಡೆಯಲ್ಲಿ ಹಿಮ ಮೊಣಕಾಲ ತನಕ ಇತ್ತು. ಭಾವನ ಕೈಗೆ ತನ್ನ ಹಳೆಯ ಗಾಳದ ಕೋಲು ಕೊಟ್ಟು, ಮಡುವಿನಿಂದ ದೂರಕ್ಕೆ, ನೀರು ಆಳವಿಲ್ಲದ ಕಡೆ ನಿಲ್ಲಿಸಿದ. ತಾನು ಮಡುವಿನ ಬಾಯಿಗೆ ಬಂದ. ಇಂಥ ಚಳಿಯಲ್ಲಿ ಒಂದು ಕೆಲಸ ಮರೆಯುವಂತಿಲ್ಲ. ದಾರ ಹಾಯುವ ಸಣ್ಣ ಬಳೆಗಳು ಕೋಲಿನುದ್ದಕ್ಕೂ ಇರುತ್ತವಲ್ಲ, ಒದ್ದೆ ದಾರದ ನೀರು ಅವುಗಳಲ್ಲಿ ನಿಂತು ಗಡ್ಡೆ ಕಟ್ಟುತ್ತದೆ. ನಾಲ್ಕು ಸಲ ಎಸೆದರೆ ಒಂದು ಸಲ ಬಳೆಗಳನ್ನು ಬಾಯಲ್ಲಿಟ್ಟು ಊದಿ ಕರಗಿಸಬೇಕು. ಅದು ಅವನಿಗೆ ಉಸಿರಾಡಿದಷ್ಟು ರೂಢಿ.

"ಡ್ರೈವರ್ ಸಾಹೇಬ್ರೇ! ನೊಣ ಹೋಯ್ತು."

"ಎಲ್ಲಿಗೆ ಹೋಯ್ತು?"

"ಪೊದೆಗೆ. ಅಲ್ಲೇ ಸಂಸಾರ ಹೂಡಿದೆ, ಬರಲ್ಲ ಅಂತಿದೆ."

ಚಾಲಕ ಹೋದ. ಕೈಗವಸು ಕಿತ್ತು ಇನ್ನೊಂದು ನೊಣ ಕಟ್ಟಿಕೊಟ್ಟ. ಭಾವ ಪಕ್ಕದಲ್ಲಿ ಬಗ್ಗಿ ನೋಡಿದರು. "ಸೂಜಿ ಹಿಡಿದೇ ಮುದುಕ ಆದೋನು ನಾನು. ಈಗ ಬಾವಿ ತೋರಿಸಿ ಹಗ್ಗ ಬಿಡು ಅಂದ್ರೂ ಪಕ್ಕಕ್ಕೆ ಬಿಡ್ತೀನಿ."

ನಗಬೇಕಿತ್ತು, ನಗು ಬರಲಿಲ್ಲ. ಮಡುವಿಗೆ ಬಂದು ಎರಡು ಸಲ ಎಸೆಯುವುದರೊಳಗೆ ಮತ್ತೆ ಕೂಗು. ಈ ಸಲ ನೊಣ ಭಾವನ ಬೆನ್ನಿನಲ್ಲೇ, ಸ್ವೆಟರಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುವಾಗ ಚಾಲಕನ ಬೆರಳುಗಳು ಯಾರದೋ ಬೆರಳುಗಳಂತೆ ಮರಗಟ್ಟಿದ್ದವು. ಎಳೆ ಎಷ್ಟು ಸಲ ತೂರಿಸಿದರೂ ಗಾಳದ ಕಣ್ಣನ್ನು ತಪ್ಪಿಸಿಕೊಂಡು ಆಚೀಚೆ ಹೋಯಿತು. ಆಚೆ ಬಿಸಿಲು ಮಡುವಿನ ಮೇಲೆ ಬಂದಾಗಿತ್ತು.

ಮೂರನೆಯ ಸಲ ಕೂಗಿದಾಗ, "ಥೂ!" ಎಂದು ತನ್ನ ಕೋಲನ್ನು ಹಿಮದ ಮೇಲೇ ಒಗೆದು ಹೋದ. ಗಂಟು ಬಿಗಿದು, ಹಲ್ಲಿನಲ್ಲಿ ಎಳೆ ಕಡಿದು ತಲೆ ಎತ್ತಿದರೆ ಮಡುವಿನ ನಡುವೆ ಒಂದು ಅಲೆಯ ಸುತ್ತು ಅಗಲವಾಗುತ್ತಿತ್ತು. ಅದರ ಪಕ್ಕ ಇನ್ನೊಂದು. ಮೀನು ಮೇಲೆ ಬಂದಿತ್ತು.

ಓಡಿದ. ಕೋಲು ಬಾಚಿಕೊಂಡು, ಕೈಯಲ್ಲಿದ್ದಷ್ಟು ದಾರವನ್ನೇ ಬೀಸಿದ. ನೊಣ ಸುತ್ತಿನ ಮೇಲ್ಗಡೆಗೆ, ಹೂವು ಇಟ್ಟ ಹಾಗೆ ಇಳಿಯಿತು. ಒಂದು ಮೂತಿ ಎದ್ದು ಅದನ್ನು ನುಂಗಿತು. ಕೋಲು ಬಿಲ್ಲಾಯಿತು. ಮೀನು ಒಮ್ಮೆ ಮೈ ಹೊರಳಿಸಿ, ಹಳದಿ ಹೊಟ್ಟೆ ತೋರಿಸಿ, ಸೇತುವೆಯ ಕಂಬದತ್ತ ನುಗ್ಗಿತು. ದಾರ ಬಿಡಬೇಕು, ಬಿಟ್ಟ. ದಾರ ಹೋಗಲಿಲ್ಲ. ಹಿಮದ ಮೇಲೆ ಬಿದ್ದಿದ್ದ ಕೋಲಿನ ಬಳೆಗಳೆಲ್ಲ ಗಾಜಿನಂತೆ ಕಟ್ಟಿ ದಾರವನ್ನು ಹಿಡಿದುಕೊಂಡಿದ್ದವು. ಟಪ್ ಎಂದಿತು. ಕೋಲು ನೆಟ್ಟಗಾಯಿತು.

"ಸಿಕ್ತಾ? ಏನೋ ಎಗರಿದ ಹಾಗಿತ್ತು!" ಭಾವ ಹಿಮ ತುಳಿಯುತ್ತ ಬಂದರು.

"ನಿಮ್ಮಿಂದ ಹೋಯ್ತು." ಅವನು ಕೋಲನ್ನು ಅವರ ಮುಂದೆ ಹಿಡಿದ. "ಒಂದು ಸಲ, ಒಂದೇ ಒಂದು ಸಲ ಸುಮ್ನೆ ಕೂತಿದ್ರೆ ಆಗ್ತಿತ್ತಲ್ಲ!"

ಭಾವ ಕೋಲಿನ ಮೇಲೆ ಬೆರಳಾಡಿಸಿದರು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. "ನೊಣ ಕಟ್ಟಿಕೊಡಿ ಅಂದಿದ್ದು ನಾನೇ, ಹೌದು. ಕೋಲನ್ನ ಹಿಮದ ಮೇಲೆ ಮಲಗಿಸಿ ಅಂದೋರು ಯಾರು?"

ಚಾಲಕ ಕೋಲನ್ನು ಕಸಿದುಕೊಂಡ. ಬಳೆಗಳನ್ನು ಕರಗಿಸಿ, ಬಿಸಿಲು ಗುಡ್ಡದ ಹಿಂದೆ ಸರಿಯುವ ತನಕ ಎಸೆದೇ ಎಸೆದ. ನೀರು ಕನ್ನಡಿಯಂತೆ ಬಿದ್ದಿತ್ತು.

ಮನೆಯಲ್ಲಿ ಊಟಕ್ಕೆ ಬಡಿಸುತ್ತ ಹೆಂಡತಿ ಕೇಳಿದಳು, "ಏನಾಯ್ತು?"

ಚಾಲಕ ಉತ್ತರ ಹುಡುಕುವ ಮೊದಲೇ ಭಾವ ಹೇಳಿದರು, "ಏನೂ ಇಲ್ಲ ಕಣಮ್ಮ. ಮೀನು ಆ ಕಡೆ ತಲೆನೇ ಹಾಕ್ಲಿಲ್ಲ. ಇಲ್ದಿರೋ ಮೀನನ್ನ ಪಾಪ ಅವ್ರಾದ್ರೂ ಹೇಗೆ ಹಿಡೀತಾರೆ?" ಹೇಳುತ್ತಲೇ ಮೇಜಿನ ಕೆಳಗೆ ಅವನ ಮೊಣಕಾಲು ಮೆಲ್ಲಗೆ ತಟ್ಟಿದರು. ನಿನ್ನ ಮಾನ ನನ್ನ ಹತ್ತಿರ ಇದೆ ಬಿಡು, ಎನ್ನುವ ಹಾಗೆ.

"ನಾನು ಮೊದ್ಲಿಂದ ಹೇಳ್ತಾ ಇಲ್ವಾ?" ಎಂದಳು ಅವಳು. "ಆ ಮಡುವಲ್ಲಿ ಮೀನೂ ಇಲ್ಲ, ಮಣ್ಣೂ ಇಲ್ಲ."

ಅವನ ಗಂಟಲಿಗೆ ಮೊಳದುದ್ದದ ಮೀನು ಬಂದು ನಿಂತಿತು. ಇತ್ತು ಕಣೇ, ಕಚ್ಚಿತ್ತು, ಹೊಟ್ಟೆ ಹಳದಿ ಇತ್ತು ಎಂದು ಹೇಳಬೇಕು. ಹೇಳಿದರೆ ಹೇಗೆ ಹೋಯಿತು ಎನ್ನುವುದನ್ನೂ ಹೇಳಬೇಕು. ಭಾವನ ಕೈ ಇನ್ನೂ ಮೊಣಕಾಲ ಮೇಲೇ ಇತ್ತು.

"ಹೂಂ. ಇರ್ಲಿಲ್ಲ," ಎಂದು ತಟ್ಟೆ ಹತ್ತಿರಕ್ಕೆ ಎಳೆದುಕೊಂಡ.